ನಾಲ್ಕನೇ ತೂತಿನ ಗಂಟು

ಗುರುವಾರ, ಬೆಳಿಗ್ಗೆ
ಸೇತುವೆ ಮುಚ್ಚಿ ಇವತ್ತಿಗೆ ಹನ್ನೊಂದು ದಿನ

ಹೊಳೆಯಾಚೆ ಇರುವ ನನ್ನ ಪುಟ್ಟಿಗೆ ಈಚೆಯಿಂದ ಅಮ್ಮನ ಆಶೀರ್ವಾದ.

ಕಾಲಿನ ಊತ ಇಳಿಯಿತೇ? ಎಡಮಗ್ಗುಲಿಗೇ ಮಲಗುತ್ತಿದ್ದೀಯಾ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ನಿಮ್ಮತ್ತೆ ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ ಎಂದು ಬರೆದಿದ್ದೀಯಾ. ಅವರು ಬಿಡದಿದ್ದರೂ ನೀನು ಸುಮ್ಮನೆ ಕೂರುವವಳಲ್ಲ ಅಂತ ಹೆತ್ತವಳಿಗೆ ಗೊತ್ತಿಲ್ಲವೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಾಗದ ಮೊನ್ನೆ ಬಂತು. ಲಕೋಟೆಯ ತುದಿ ಕತ್ತರಿಸಿ, ಮತ್ತೆ ಟೇಪು ಹಚ್ಚಿ, ದುಂಡನೆಯ ಮುದ್ರೆ ಒತ್ತಿದ್ದರು. ನನಗಿಂತ ಮೊದಲೇ ಯಾರೋ ಓದಿದ್ದಾರೆ. ಓದಲಿ. ಆದರೆ ‘ಅಮ್ಮಾ, ಹೋದ ಸಲದ ಹಾಗೆ ನನ್ನನ್ನು ಒಬ್ಬಳೇ ಬಿಡಬೇಡ’ ಎನ್ನುವ ಸಾಲನ್ನೂ ಅವರು ಓದಿದರಲ್ಲ ಎಂದು ಮೈ ಹಿಡಿಯಾಯಿತು. ಹೋದ ಸಲ ನಾಳೆ ಹೊರಟರಾಯಿತು, ನಾಡಿದ್ದು ಹೊರಟರಾಯಿತು ಎಂದು ನಾನು ಕೂತೆ. ಬರುವಷ್ಟರಲ್ಲಿ ಮಗು ಅಳದೇ ಹುಟ್ಟಿ, ಅಳದೇ ಹೋಗಿತ್ತು. ಈ ಸಲ ಮೊದಲ ನೋವಿಗೇ ನಿನ್ನ ತಲೆದೆಸೆಯಲ್ಲಿ ನಾನಿರುತ್ತೇನೆ ಎಂದು ನಿನ್ನ ಕೈ ಹಿಡಿದು ಹೇಳಿದ್ದೆ. ಹೇಳಿದ ಬಾಯಿ ಇದೇ. ಇನ್ನೊಂದು ಹೇಳಿದ್ದೂ ಇದೇ ಬಾಯಿ. ಅದನ್ನು ಬರೆಯಬೇಕು ಎಂದು ಮೂರು ದಿನದಿಂದ ಕಾಗದ ಹಿಡಿದು ಕೂತು ಏಳುತ್ತಿದ್ದೇನೆ.

ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದಾಗ ನಾನು ಮೆಟ್ಟಿಲ ಕೆಳಗೆ ಬ್ಯಾಗ್ ರಿಪೇರಿಗೆ ಕೂರುವ ನನ್ನ ಜಾಗದಲ್ಲಿರಲಿಲ್ಲ. ಬಾಟಲಿಗೆ ನೀರು ತರಲು ಹಿಂದಿನ ನಲ್ಲಿಗೆ ಹೋಗಿದ್ದೆ. ಫೋನಿನ ಸಂಪರ್ಕ ಕಡಿಯುವ ಮೊದಲೇ ಇದನ್ನು ನಿನಗೆ ಹೇಳಿದ್ದೇನೆ. ಟಿಕೆಟ್ ಕೌಂಟರಿನ ಅಕ್ಕ ಹೋದಳು, ಅವಳ ಜೊತೆ ಇನ್ನೂ ಹದಿನೆಂಟು ಜನ ಹೋದರು. ನನ್ನ ಪಕ್ಕದಲ್ಲಿ ಕೂತು ಕೀ ಮಾಡುವ ಅಜ್ಜ ಉಳಿದರು, ಒಂದು ಕಿವಿ ಹೋಯಿತು. ಹೆಂಡತಿ ಬೈಯುವ ಕಡೆಯ ಕಿವಿಯೇ ಹೋಗಿದೆ ಕಣಮ್ಮ, ದೇವರು ದೊಡ್ಡವನು ಎಂದು ಅವರು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಆಗ ಚುನಾವಣೆಗೆ ಹದಿನೈದು ದಿನ ಬಾಕಿ. ಅಲ್ಲಿಯವರೆಗೆ ಬೀದಿಯಲ್ಲೆಲ್ಲ ಮಾತು ನಲ್ಲಿ ನೀರಿನದು, ಆಸ್ಪತ್ರೆಯದು. ನಿಮ್ಮ ದೇಶದ ಜೊತೆ ಕೈ ಕುಲುಕಿ ಸೇತುವೆ ತೆರೆಸಿದ ದೊಡ್ಡವರೇ ಮತ್ತೆ ಗೆಲ್ಲುತ್ತಾರೆ ಎಂದು ಎಲ್ಲರ ಬಾಯಲ್ಲೂ ಇತ್ತು. ಬಾಂಬ್ ಸಿಡಿದ ಮರುದಿನ ನೀರೂ ಇಲ್ಲ, ಆಸ್ಪತ್ರೆಯೂ ಇಲ್ಲ, ಎಲ್ಲರ ಬಾಯಲ್ಲೂ ಒಂದೇ ಮಾತು. ಯಾರು ಮಾಡಿದರು, ಎಲ್ಲಿಂದ ಬಂದರು.

ಮೂರನೇ ದಿನ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸುಟ್ಟ ಪಟ್ಟಿ. ಬಾಂಬಿದ್ದ ಬ್ಯಾಗಿನ ಹಿಡಿಕೆಯಂತೆ. ನೀವು ಇಪ್ಪತ್ತು ವರ್ಷದಿಂದ ಬ್ಯಾಗ್ ರಿಪೇರಿ ಮಾಡ್ತಿದ್ದೀರಿ, ಈ ಹೊಲಿಗೆ ನೋಡಿ ಹೇಳಿ, ಇದು ನಮ್ಮ ಕಡೆಯದಾ ಎಂದು ಕೇಳಿದರು. ನೋಡಿದೆ. ಮೇಣ ಹಚ್ಚಿದ ದಾರ, ಎರಡು ಸೂಜಿ ಎದುರುಬದುರು ಹಾದು ಹೋದ ಹೊಲಿಗೆ, ನಾಲ್ಕನೇ ತೂತಿಗೊಂದು ಗಂಟು. ನಮ್ಮ ಕಡೆ ಎಲ್ಲರದೂ ಒಂದೇ ಸೂಜಿ, ನಿನಗೆ ಗೊತ್ತು. ಚೀಲವನ್ನು ಅವರ ಕಡೆಗೇ ಸರಿಸಿದೆ. ಇದು ಹೊಳೆಯಾಚೆಯ ಹೊಲಿಗೆ ಸಾರ್, ನಮ್ಮವರು ಹೀಗೆ ಹೊಲಿಯೋದಿಲ್ಲ ಎಂದೆ. ಕೇಳಿದ್ದಕ್ಕೆ ಉತ್ತರ ಹೇಳಿದೆ, ಅಷ್ಟೇ. ಸುಳ್ಳಲ್ಲವಲ್ಲ, ಆ ಹೊಲಿಗೆ ನಿಮ್ಮ ಕಡೆಯದೇ ತಾನೇ. ನಿಮ್ಮತ್ತೆ ನಿನಗೆ ಕಲಿಸಿದ್ದು ಅದನ್ನೇ.

ಸಂಜೆಗೆ ನನ್ನ ಮಾತು ಟಿವಿಯಲ್ಲಿತ್ತು. ಮಾರನೇ ದಿನ ಎದುರು ಪಕ್ಷದವರು ಆ ಪಟ್ಟಿಯ ಫೋಟೋವನ್ನು ಎರಡಾಳೆತ್ತರ ಮಾಡಿ ಸ್ಟೇಜಿನ ಹಿಂದೆ ಕಟ್ಟಿದರು. ಆ ಗಂಟು ಕುಂಬಳಕಾಯಿಯಷ್ಟು ದಪ್ಪಗೆ ಕಾಣುತ್ತಿತ್ತು. ಸೇತುವೆ ತೆರೆಸಿದವರು ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಅವರೂ ಮೈಕು ಹಿಡಿದು, ನಾವು ಗೆದ್ದರೂ ಮುಚ್ಚುತ್ತೇವೆ, ಇನ್ನೂ ಗಟ್ಟಿಯಾಗಿ ಮುಚ್ಚುತ್ತೇವೆ ಎಂದರು. ಕೀ ಅಜ್ಜ, ಬೀಗ ಹಾಕೋದಕ್ಕೆ ಎಲ್ಲರೂ ಓಡಿ ಬರ್ತಾರೆ, ಕೀ ಎಲ್ಲಿಟ್ಟೆ ಅಂತ ಕೇಳಿದರೆ ಒಬ್ಬರಿಗೂ ನೆನಪಿರಲ್ಲ ಎಂದರು. ಗೆದ್ದದ್ದು ಎದುರು ಪಕ್ಷದವರೇ; ಗೆದ್ದ ಮೂರನೇ ದಿನಕ್ಕೆ ಸೇತುವೆ ಮುಚ್ಚಿದರು, ನಿಮ್ಮ ಕಡೆ ಇದ್ದ ನಮ್ಮ ರಾಯಭಾರಿಯನ್ನು ವಾಪಸ್ ಕರೆಸಿಕೊಂಡರು. ನಿಮ್ಮತ್ತೆ ಹೊಲಿದು ಕಳಿಸಿದ್ದ ಬ್ಯಾಗುಗಳನ್ನು ಇಲ್ಲಿಯ ಅಂಗಡಿಯವರು ಬೀದಿಗೆ ಎಸೆದು ಸುಟ್ಟರು. ಆ ಮುದುಕಿಯ ಕೈಕೆಲಸ ಉರಿಯುವುದನ್ನು ನಾನು ಕಿಟಕಿಯಿಂದ ನೋಡಿದೆ. ಅವರಿಗೆ ಹೇಳಬೇಡ.

ಗೆದ್ದವರು ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಸ್ಟೇಜಿಗೆ ಹತ್ತಿಸಿ, ಕೈ ಎತ್ತಿ ಹಿಡಿದು, ಗಡಿ ಕಾಯ್ದ ತಾಯಿ ಎಂದು ಕೂಗಿಸಿದರು. ಮೆಟ್ಟಿಲ ಕೆಳಗಿನಿಂದ ಎಬ್ಬಿಸಿ ಶಟರ್ ಇರುವ ಅಂಗಡಿ ಕೊಟ್ಟಿದ್ದಾರೆ. ಸಾಕ್ಷಿಗೆ ಅಪಾಯ ಎಂದು ಒಬ್ಬ ಪೊಲೀಸ್ ಹುಡುಗಿ ದಿನವಿಡೀ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಾಳೆ. ಒಳ್ಳೆಯವಳು, ನನ್ನನ್ನು ಆಂಟಿ ಎನ್ನುತ್ತಾಳೆ. ಆದರೆ ಹಿಂದಿನ ನಲ್ಲಿಗೆ ಹೋದರೂ ಹಿಂದೆಯೇ ಬರುತ್ತಾಳೆ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ತಿರುಗಿ ನೋಡುವ ಚಟ ನನಗಿತ್ತಲ್ಲ, ಈಗ ತೆರೆದಿದೆಯೇ ಎಂದು ನೋಡುತ್ತೇನೆ.

ಹೋದ ವಾರ ಧೈರ್ಯ ಮಾಡಿ ಗೆದ್ದ ನಾಯಕರ ಕಚೇರಿಗೆ ಹೋದೆ. ಮಗಳಿಗೆ ದಿನ ತುಂಬುತ್ತಿದೆ, ಒಂದು ತಿಂಗಳ ಮಟ್ಟಿಗೆ ಆಚೆ ದಾಟಲು ಬಿಡಿ ಎಂದು ಕೇಳಿದೆ. ಅವರ ಸಹಾಯಕರು ಒಳ್ಳೆಯ ಮನುಷ್ಯರ ಹಾಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ನಕ್ಕರು. ನಿಮ್ಮ ಮಾತಿನ ಮೇಲೆ ಸೇತುವೆ ಮುಚ್ಚಿದೆ ತಾಯೀ, ನೀವೇ ದಾಟಿದರೆ ಜನ ಏನಂತಾರೆ? ಹೇಳಿ ಎಂದರು. ಕೊಟ್ಟ ನೀರನ್ನು ಅಲ್ಲೇ ಇಟ್ಟು ಎದ್ದು ಬಂದೆ.

ಹೀಗೆ ಪುಟ್ಟೀ. ಬೈಯಬೇಕೆನಿಸಿದರೆ ಬೈದುಬಿಡು, ಮನಸ್ಸಿನಲ್ಲಿಟ್ಟುಕೊಳ್ಳಬೇಡ, ಹೊಟ್ಟೆಯಲ್ಲಿರುವ ಕೂಸಿಗೆ ತಾಗುತ್ತದೆ. ಅಳಿಯಂದಿರಿಗೆ ಹೇಳು, ಆಸ್ಪತ್ರೆಗೆ ಹೋಗುವ ಗಾಡಿ ಮೊದಲೇ ಗೊತ್ತು ಮಾಡಿಡಲಿ. ನೋವು ಬಂದಾಗ ಹಲ್ಲು ಕಚ್ಚಬೇಡ, ಬಾಯಿಬಿಟ್ಟು ಕೂಗು. ಕೂಗಿದರೆ ಇಲ್ಲಿಗೆ ಕೇಳಿಸುವುದಿಲ್ಲ. ಆದರೂ ಕೂಗು.

ನಿನ್ನ
ಅಮ್ಮ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಹಿಡಿಕೆ ಹೊಲಿದವಳು ನಾನೇ. ಕಳೆದ ಸಲ ಇಲ್ಲಿಗೆ ಬಂದಾಗ ನೀನು ಆ ಎರಡು ಸೂಜಿಯ ಹೊಲಿಗೆ ಕಲಿಸಿಕೊಟ್ಟೆಯಲ್ಲ, ಅಂದಿನಿಂದ ಭಾರದ ಬ್ಯಾಗಿಗೆಲ್ಲ ಅದನ್ನೇ ಹಾಕುತ್ತಿದ್ದೆ. ಬಾಂಬಿನ ಹಿಂದಿನ ದಿನ ಒಬ್ಬ ಬಂದು, ತುಂಬಾ ತೂಕ ಇರುತ್ತಮ್ಮಾ, ಗಟ್ಟಿಯಾಗಿ ಹಾಕಿ ಎಂದ. ಎಲ್ಲಿಯವನೋ ನನಗೆ ಗೊತ್ತಿಲ್ಲ, ಮಾತು ಮಾತ್ರ ನಮ್ಮ ಬೀದಿಯದೇ. ಅಧಿಕಾರಿಗಳು ಪಟ್ಟಿ ತೋರಿಸಿದಾಗ ನನ್ನ ಗಂಟು ನನಗೇ ಗುರುತು ಸಿಕ್ಕಿತು. ನಾನೂ ಕೈ ಸೇರಿಸಿದೆ ಅಂದುಕೊಳ್ಳುತ್ತಾರೆ ಎಂದು ಹೆದರಿ ಹೊಳೆಯಾಚೆಗೆ ಬೆರಳು ತೋರಿಸಿದೆ. ಆಚೆ ಇರುವುದು ನೀನು ಎಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಇನ್ನೊಂದು ಮಾತು, ಇದನ್ನು ಒಡೆದು ಓದುವ ಅಣ್ಣನವರಿಗೆ: ಈ ಲಕೋಟೆಗೆ ಗೋಂದು ಹಚ್ಚುವುದಿಲ್ಲ, ಹೊಲಿದು ಕೊಡುತ್ತಿದ್ದೇನೆ. ನೀವು ಕತ್ತರಿಸಿದ ಹೊಲಿಗೆಯನ್ನು ಸ್ಟೇಜಿನ ಮೇಲಿನ ಆ ದೊಡ್ಡ ಫೋಟೋದ ಪಕ್ಕ ಹಿಡಿದು ನೋಡಿ. ಲಕೋಟೆ ನೀವೇ ಇಟ್ಟುಕೊಳ್ಳಿ, ಕಾಗದ ಮಾತ್ರ ನನ್ನ ಮಗಳಿಗೆ ದಾಟಿಸಿ. ನನ್ನನ್ನು ಹುಡುಕುವ ಕಷ್ಟ ನಿಮಗಿಲ್ಲ, ನಿಮ್ಮವಳೇ ಬಾಗಿಲಲ್ಲಿ ಕೂತಿದ್ದಾಳೆ.