ಟ್ಯೂಬ್‌ಲೈಟಿನ ಕೆಳಗೆ ಅಳೆದ ವೇಗ

ಮಗಳೇ,

ಸೊಸೆ ಎಂದು ಬರೆದರೆ ಮರ್ಯಾದೆ ಕೊಟ್ಟು ಮಾತಾಡಬೇಕಾಗುತ್ತದೆ. ಮಗಳೇ ಎಂದರೆ ಬೈಯಲು ಅನುಕೂಲ. ಅದಕ್ಕೇ ಹೀಗೆ ಶುರುಮಾಡಿದ್ದೇನೆ.

ನಿನ್ನೆ ಫೋನಿನಲ್ಲಿ ನಾನು ಕೂಗಾಡಿದೆ, ನೀನು ಮೂಗು ಸೊರಸೊರ ಎನ್ನಿಸಿದೆ. ಇಬ್ಬರಿಂದಲೂ ಕೆಲಸಕ್ಕೆ ಬರುವ ಮಾತು ಒಂದೂ ಹೊರಡಲಿಲ್ಲ. ಕಾಗದದಲ್ಲಾದರೆ ನಾನು ಎಷ್ಟು ಕೂಗಿದರೂ ನಿನಗೆ ಕೇಳುವುದಿಲ್ಲ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಶಾಲೆಗೂ ನನಗೂ ಬೇಗ ಜಗಳವಾಯಿತು ಎಂಬುದು ನಿನಗೆ ಗೊತ್ತೇ ಇದೆ.

“ಮಾವ, ನನಗೆ ಈ ಕೆಲಸ ಹಿಡಿಸಲ್ಲ. ಅಂಗಡಿ ಬೀಗದಕೈ ನಿಮ್ಮ ಮಗನ ಕೈಲಿ ಕೊಟ್ಬಿಡ್ತೀನಿ” ಎಂದೆಯಲ್ಲ. ನನ್ನ ಮಗನ ಕೈಗೆ! ಸ್ಕ್ರೂ ಬಿಚ್ಚು ಎಂದರೆ ಗೋಡೆ ಬಿಚ್ಚುವವನು. ಬೇಕರಿಯಲ್ಲಿ ಹಿಟ್ಟು ನಾದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಒಪ್ಪುತ್ತೇನೆ. ಏರ್‌ಗನ್ನಿನ ವಾಷರ್ ಕೊಟ್ಟರೆ ಅದನ್ನೂ ಬನ್ನಿನ ಮೇಲೆ ಅಂಟಿಸಿಯಾನು. ಗಂಡನ ಮೇಲಿನ ಪ್ರೀತಿಗೆ ಏರ್‌ಗನ್ ರಿಪೇರಿ ಅಂಗಡಿಯನ್ನು ಹಾಳು ಮಾಡಬೇಡ.

ಆದದ್ದು ಏನು, ಒಂದು ಸಲ ನೆಟ್ಟಗೆ ನೋಡೋಣ. ಔಷಧಿ ಅಂಗಡಿ ಮೇಡಂ ಸ್ಪರ್ಧೆಗೆ ಮುಂಚೆ ತಮ್ಮ ಏರ್‌ರೈಫಲ್ ತಂದರು. ನೀನು ಶೂಟಿಂಗ್ ಕ್ಲಬ್ಬಿನಿಂದ ವೇಗ ಅಳೆಯುವ ಕ್ರೋನೋಗ್ರಾಫ್ ಬೇಡಿ ತಂದು ಬೆಂಚಿನ ಮೇಲಿಟ್ಟೆ. ಗುಂಡು ಹಾರಿಸಿದೆ. ಒಂದು ಸಲ ಸೆಕೆಂಡಿಗೆ ನೂರ ಎಪ್ಪತ್ತು ಮೀಟರ್ ತೋರಿಸಿತು, ಮತ್ತೊಂದು ಸಲ ಇನ್ನೂರ ಅರವತ್ತು, ಆಮೇಲೆ ಏನೂ ಇಲ್ಲ. ನೀನು ಹೆದರಿದೆ. ಗಾಳಿಯ ಒತ್ತಡ ಸಮ ಮಾಡುವ ರೆಗ್ಯುಲೇಟರೇ ಕೆಟ್ಟಿದೆ ಎಂದುಕೊಂಡು ಬಿಚ್ಚಿದೆ, ಹೊಸ ಸೀಲು ಕೂರಿಸಿದೆ, ಜೋಡಿಸಿದೆ. ಆಮೇಲೂ ಅದೇ ಕುಣಿತ. ಮೇಡಂ ಪಕ್ಕದಲ್ಲೇ ನಿಂತಿದ್ದರು. “ಬಿಡಮ್ಮ, ನಿಮ್ಮ ಮಾವನ ಕೈಯೇ ಬೇರೆ” ಎಂದು ರೈಫಲ್ ಎತ್ತಿಕೊಂಡು ಹೊರಟರು. ಅವತ್ತಿನಿಂದ ನಿನಗೆ ಬೀಗದಕೈ ಒಪ್ಪಿಸುವ ಯೋಚನೆ.

ಈಗ ನೀನು ಕಳಿಸಿದ ಫೋಟೋಗೆ ಬರುತ್ತೇನೆ. ಕಾಲು ಮುರಿದುಕೊಂಡು ಬಂದು ಕೂತಿರುವ ಈ ನಿನ್ನ ನಾದಿನಿಯ ಮನೆಯಲ್ಲಿ ಮೊಮ್ಮಗಳ ಹತ್ತಿರ ದೊಡ್ಡದು ಮಾಡಿಸಿಕೊಂಡು ನೋಡಿದೆ. ಯಂತ್ರದ ನೆತ್ತಿಯ ಮೇಲೇ ಹೊಸ ಟ್ಯೂಬ್‌ಲೈಟು. “ಅವಳ ಕಣ್ಣಿಗೆ ಆಯಾಸ ಆಗ್ತಿತ್ತಪ್ಪ, ಹಾಕಿಸ್ದೆ” ಎಂದು ನಿನ್ನ ಗಂಡ, ಆ ಬೇಕರಿಯವನು, ಫೋನಿನಲ್ಲಿ ಬೀಗಿದ್ದ. ಪಾಪ, ಒಳ್ಳೆಯದಕ್ಕೇ ಮಾಡಿದ್ದಾನೆ. ಆದರೆ ಕ್ಲಬ್ಬಿನ ಆ ಯಂತ್ರಕ್ಕೆ ಎರಡು ಕಣ್ಣು. ಗುಂಡು ಮೊದಲ ಕಣ್ಣಿನ ಮೇಲೆ ಹಾಯುವಾಗ ಒಂದು ನೆರಳು, ಎರಡನೆಯದರ ಮೇಲೆ ಇನ್ನೊಂದು. ನಡುವಿನ ಹೊತ್ತು ಲೆಕ್ಕ ಹಾಕಿ ವೇಗ ಹೇಳುತ್ತದೆ. ಅದಕ್ಕೆ ಆಕಾಶದ ನಿಂತ ಬೆಳಕು ಬೇಕು. ಟ್ಯೂಬ್‌ಲೈಟು ನಮಗೆ ನಿಂತ ಬೆಳಕು, ಅದರ ಕಣ್ಣಿಗೆ ರೆಪ್ಪೆ ಬಡಿಯುವ ಬೆಳಕು. ಬೆಳಕಿನ ಮಿಟುಕನ್ನೇ ಗುಂಡಿನ ನೆರಳು ಎಂದುಕೊಂಡು ಯಂತ್ರ ಬಾಯಿಗೆ ಬಂದ ಅಂಕಿ ಹೇಳಿದೆ.

ಅದಿರಲಿ. ಅದೇ ಫೋಟೋದಲ್ಲಿ, ಮೂಲೆಯಲ್ಲಿ, ನೀನು ಗುರಿಗಿಟ್ಟ ಕಾರ್ಡುಗಳಿವೆ. ಒಂದು ಬಿಚ್ಚುವ ಮುಂಚಿನದು, ಇನ್ನೊಂದು ಜೋಡಿಸಿದ ಮೇಲಿನದು. ವೇಗ ನಿಜವಾಗಿ ಅಷ್ಟು ಏರಿಳಿದಿದ್ದರೆ ತೂತುಗಳು ಮೇಲಿಂದ ಕೆಳಕ್ಕೆ ಬೆರಳಗಲ ಚೆಲ್ಲಬೇಕಿತ್ತು. ಎರಡರಲ್ಲೂ ತೂತಿನ ಮೇಲೆ ತೂತು ಕೂತಿದೆ. ಅಂದರೆ ರೈಫಲ್ ಮೊದಲೂ ಚೆನ್ನಾಗಿತ್ತು, ನೀನು ಬಿಚ್ಚಿ ಜೋಡಿಸಿದ ಮೇಲೂ ಚೆನ್ನಾಗಿದೆ. ರೆಗ್ಯುಲೇಟರ್ ಬಿಚ್ಚಿದ ಮೇಲೂ ಹಾಗೆ ಕೂರಿಸುವುದು ಕಲಿಯದ ಕೈಯಿಂದ ಆಗುವ ಕೆಲಸವಲ್ಲ ಕಣೇ. ನೀನು ಮಾಡಿದ ತಪ್ಪು ಒಂದೇ, ಅಂಕಿಯ ಮುಖ ನೋಡುತ್ತಾ ಕಾರ್ಡಿನ ಮುಖ ನೋಡದೆ ಇದ್ದದ್ದು. ಅದಕ್ಕೆ ಬೈಯುತ್ತೇನೆ. ಬೈದಾಯಿತು.

ಇದಕ್ಕೆಲ್ಲ ಮುಂಚೆ, ವೇಗ ಅಳೆಯಲು ಹೊಸ ಯಂತ್ರ ಯಾವುದು ಕೊಳ್ಳಲಿ ಎಂದು ನೀನು ಕೇಳಿದ್ದೆ. ಕ್ಲಬ್ಬಿನಂಥ ತೆರೆದದ್ದು ನಮಗೆ ಬೇಡ. ತೆಳು ಮೋಡದ ದಿನ ಅಂಗಳದಲ್ಲಿಟ್ಟರೆ ಸತ್ಯ ಹೇಳುತ್ತದೆ, ಆದರೆ ಮೋಡ ನೋಡಿಕೊಂಡು ಅಂಗಡಿ ನಡೆಸೋದಕ್ಕಾಗುತ್ತದೆಯೇ? ನಳಿಗೆಯ ಬಾಯಿಗೆ ಸಿಕ್ಕಿಸುವ ಪುಟ್ಟದೊಂದು ಬರುತ್ತದೆ, ಒಳಗೇ ಅದರ ದೀಪ ಇರುತ್ತದೆ. ಒಂದೇ ಗನ್ ಇಟ್ಟುಕೊಂಡವರಿಗೆ ಚಿನ್ನ. ನಮ್ಮಲ್ಲಿಗೆ ಬರುವ ನಳಿಗೆಗಳು ಒಂದು ಬೆರಳಿನಷ್ಟು, ಇನ್ನೊಂದು ಬಾಳೆಕಾಯಿಯಷ್ಟು. ಕೊಂಚ ಸೊಟ್ಟ ಸಿಕ್ಕಿಸಿದರೆ ಗುಂಡು ಯಂತ್ರಕ್ಕೇ ಬಡಿಯುತ್ತದೆ. ರೇಡಾರಿನದು ದೊಡ್ಡವರ ಮದುವೆ ಊಟ, ನಮ್ಮ ಇಕ್ಕಟ್ಟು ಓಣಿಯಂಥ ಅಂಗಡಿಗೆ ತಕ್ಕದ್ದಲ್ಲ. ನೀನು ಕೊಳ್ಳಬೇಕಾದದ್ದು ಸುರಂಗದ ಹಾಗೆ ಇರುವುದು. ಬೆಂಚಿನ ಮೇಲೆ ಕೂರುತ್ತದೆ, ಸ್ವಂತ ದೀಪ ಒಳಗಿದೆ, ಹೊರಗಿನ ಬೆಳಕು ಒಳಗೆ ನುಗ್ಗುವುದಿಲ್ಲ, ಯಾವ ದಪ್ಪದ ನಳಿಗೆಯಾದರೂ ಎದುರಿಗೆ ಹಿಡಿದರೆ ಸಾಕು. ನಳಿಗೆಯನ್ನು ಅದರ ಬಾಯಿಗೆ ಒತ್ತಿ ಇಡಬೇಡ, ಗುಂಡಿನ ಹಿಂದೆ ಬರುವ ಗಾಳಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡೀತು. ಒಂದು ಗೇಣು ದೂರ ಬಿಡು. ಗುಂಡಿನ ತೂಕ ಕೇಳದೆ ಯಾರಿಗೂ ವೇಗ ಹೇಳಬೇಡ. ಹಗುರ ಗುಂಡು ತುಂಬಿ ಅಂಕಿ ಏರಿತೆಂದು ಕುಣಿಯುವವರು, ಚಪ್ಪಲಿ ಬಿಚ್ಚಿಟ್ಟು ತೂಕ ಇಳಿಯಿತು ಎನ್ನುವವರ ಜಾತಿ.

ಮತ್ತೆ, ಮೇಡಂ ಇವತ್ತು ಬೆಳಿಗ್ಗೆ ನನಗೇ ಫೋನ್ ಮಾಡಿದ್ದರು. “ನೀವು ಯಾವಾಗ ಬರ್ತೀರ? ಅಲ್ಲೀವರೆಗೂ ರೈಫಲ್ ಮುಟ್ಟಲ್ಲ. ಸ್ಪರ್ಧೆಗೆ ಹೋಗದಿದ್ರೂ ಸರಿ” ಎಂದರು. ಕಾಲಿನ ಮೂಳೆ ಕೂಡಿದೆ, ಹೋಗಬಹುದು ಎಂದು ಡಾಕ್ಟರು ಹೇಳಿಯಾಗಿದೆ. ಬರಲು ನನಗೇನೂ ಅಡ್ಡಿಯಿಲ್ಲ. ಆದರೆ ಬರುವುದಿಲ್ಲ. ನಾನು ಬಂದು ಕೂತರೆ ಆಯಮ್ಮ ರೈಫಲನ್ನು ನಿನ್ನ ತಲೆಯ ಮೇಲಿಂದ ನನ್ನ ಕೈಗೆ ದಾಟಿಸುತ್ತಾರೆ, ನಾಳೆ ಊರೆಲ್ಲ ಹಾಗೇ ಮಾಡುತ್ತದೆ. “ಆ ಬೆಂಚು ಅವಳದು ಮೇಡಂ. ಅವಳ ಹತ್ತಿರವೇ ಹೋಗಿ. ಹೋಗದಿದ್ರೆ ಮನೇಲಿ ಬಟ್ಟೆ ಒಣಗಿಸೋಕೆ ಇಟ್ಕೊಳ್ಳಿ” ಎಂದೆ. ಮೊದಲು ಗೊಣಗಿದರು. ಆಮೇಲೆ ನಕ್ಕರು. ಬರುತ್ತಾರೆ.

ಬಂದಾಗ ಏನೂ ವಿವರಿಸಲು ಹೋಗಬೇಡ, ನನ್ನ ಹೆಸರೂ ಎತ್ತಬೇಡ. ಕ್ಲಬ್ಬಿನ ಯಂತ್ರವನ್ನು ಅಂಗಳಕ್ಕೆ ಒಯ್ದು ಅವರ ಎದುರಿಗೇ ಹಾರಿಸು. ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ಅಂಕಿ ಹೆಚ್ಚು ಸರಿಯುವುದಿಲ್ಲ, ನೋಡು. ಆಗ ಅವರೇ ಬಾಯಿ ಬಿಡುತ್ತಾರೆ. ನೀನು ಕೈ ಒರೆಸಿಕೊಂಡು ಮುಂದಿನ ಗನ್ ಎತ್ತಿಕೋ.

ಹೊಸ ಯಂತ್ರದ ಬಿಲ್ಲು ನಿನ್ನ ಹೆಸರಿಗೇ ಬರೆಸು. ಅದು ಬಂದ ಮೇಲೆ ನಾನೂ ಒಂದು ದಿನ ಬರುತ್ತೇನೆ. ಸೋರುತ್ತಿರುವ ನನ್ನ ಹಳೆಯ ಗನ್ ತರುತ್ತೇನೆ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಸರದಿ ಕಾಯುತ್ತೇನೆ. ಅಂಕಿ ಕಮ್ಮಿ ಬಂದರೆ ಮಾವನೆಂದು ದಾಕ್ಷಿಣ್ಯ ಮಾಡಬೇಡ, ಕಮ್ಮಿ ಎಂದೇ ಹೇಳು. ನಾನು ಜಗಳವಾಡುತ್ತೇನೆ. ನೀನು ಬಗ್ಗಬೇಡ.

ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣು ತಂಪಾಗಿರಲಿ ಮಗಳೇ. ಬೇಕರಿಯವನಿಗೂ ಒಂದು ಒಳ್ಳೆಯ ಮಾತು ಹೇಳು. ಲೈಟು ಓದಲು ಬರೆಯಲು ಚೆನ್ನಾಗಿದೆ.

ಬೈಯಲು ಇನ್ನೇನೂ ಸಿಗದೆ ನಿಲ್ಲಿಸುವ,
ನಿನ್ನ ಮಾವ