ಸರಿಸಮ ಸಿಗದ ಮಾಳಿಂಗರಾಯ

ಬೆಟಗೇರಿ
೯ ಡಿಸೆಂಬರ್ ೨೦೨೪

ಪ್ರೀತಿಯ ಶೇಖಸಾಬ,

ಸಲಾಮು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕುಳಿತು ಮೂರು ಸಲವೂ ಎದ್ದುಬಿಟ್ಟೆ, ಸಿಟ್ಟಾಗಬೇಡ. ಖಾತುನಬಿ ವೈನಿಯ ಮೊಣಕಾಲು ನೋವು ಹೇಗಿದೆ? ನಮ್ಮ ಮಗಳು ಶೈಲಾ ಮುಂಡರಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ, ದಿನಾ ಬಸ್ಸಿನಲ್ಲಿ ಓಡಾಟ.

ಟಿವಿಯಲ್ಲಿ ಈಗಿನ ಹೆವಿವೇಟ್ ಬಾಕ್ಸರುಗಳನ್ನು ನೋಡಿ ನೀನು ಕೇಳಿದ್ದೆಯಲ್ಲ, ಹತ್ತು ವರ್ಷ ಅಲುಗಾಡದೆ ನಿಲ್ಲುವಂಥವನು ಒಬ್ಬನೂ ಯಾಕೆ ಬರುತ್ತಿಲ್ಲ ಎಂದು. ದೊಡ್ಡ ಜಗತ್ತಿನ ಸಂಗತಿ ನನಗೆ ತಿಳಿಯದು. ಮಾಳಿಂಗರಾಯನಿಗೆ ಏನಾಯಿತೆಂದು ಮಾತ್ರ ಹೇಳಬಲ್ಲೆ.

ಕೊರ್ಲಹಳ್ಳಿಯಿಂದ ಅವನು ನನ್ನ ಬಾಕ್ಸಿಂಗ್ ಶೆಡ್ಡಿಗೆ ಬಂದಾಗ ಹತ್ತೊಂಬತ್ತು ವರ್ಷ. ಆರಡಿ ಮೂರಿಂಚು, ನೂರಾ ನಾಲ್ಕು ಕಿಲೋ. ನಮ್ಮಲ್ಲಿದ್ದ ದೊಡ್ಡ ಗ್ಲೌಸಿನಲ್ಲೂ ಅವನ ಕೈ ಹಿಡಿಸಲಿಲ್ಲ. ಚೀಲಕ್ಕೆ ಅವನು ಹೊಡೆದರೆ ಮೇಲಿನ ತೊಲೆ ಅಲುಗುತ್ತಿತ್ತು. ಮಿಲಿಟರಿಯಲ್ಲಿ ನಾವಿಬ್ಬರೂ ಅಂಥ ಬಲಗೈ ನೋಡಿರಲಿಲ್ಲ.

ಆದರೆ ಅವನ ಎದುರಿಗೆ ನಿಲ್ಲಿಸುವುದು ಯಾರನ್ನು? ಶೆಡ್ಡಿನಲ್ಲಿ ಇಪ್ಪತ್ತೆರಡು ಹುಡುಗರು, ಎಲ್ಲರೂ ಅರವತ್ತು ಕಿಲೋದ ಆಸುಪಾಸು. ಅವರು ಒಬ್ಬರಿಗೊಬ್ಬರು ಹೊಡೆದಾಡಿ ಚುರುಕಾದರು. ಮೈ ಇದ್ದವರನ್ನು ಕಬಡ್ಡಿಯವರು ಮೊದಲೇ ಎಳೆದುಕೊಂಡಿರುತ್ತಾರೆ. ಹಿರೇವಡ್ಡಟ್ಟಿಯಲ್ಲಿ ಅಂಥ ಒಬ್ಬ ಇದ್ದಾನೆಂದು ಕೇಳಿ ಹೋದೆ. ಅವನ ತಾಯಿ ಮುತ್ತವ್ವ ಚಹಾ ಕೊಟ್ಟು ಹೇಳಿದಳು: "ಎತ್ತು ಹಾಯ್ದರೂ ತಡಕೋತಾನ್ರಿ ನನ್ನ ಮಗ. ಆದ್ರ ದಿನಾ ತಲಿಗೆ ಹೊಡಿಸ್ಕೊಳ್ಳಾಕ ಕಳಸೂದಿಲ್ರಿ." ಚಹಾ ಕುಡಿದು ಎದ್ದು ಬಂದೆ.

ರಾಜ್ಯಮಟ್ಟದಲ್ಲಿ ಮಾಳಿಂಗ ಮೂರು ವರ್ಷ ಸತತವಾಗಿ ಚಿನ್ನ ಗೆದ್ದ. ಒಂದು ಸಲವೂ ಗುದ್ದಾಡಲಿಲ್ಲ. ಅವನ ತೂಕದಲ್ಲಿ ಹೆಸರು ಕೊಟ್ಟಿದ್ದ ಇನ್ನೊಬ್ಬ ಬರುತ್ತಲೇ ಇರಲಿಲ್ಲ; ರೆಫರಿ ಇವನ ಕೈ ಎತ್ತಿ ಕಳಿಸುತ್ತಿದ್ದರು. ಮೂರನೆಯ ಸಲ ಬಸ್ಸಿನಲ್ಲಿ ಮೆಡಲು ಕಿಸೆಯಲ್ಲಿಟ್ಟುಕೊಂಡು ಕೇಳಿದ: "ಸರ್ರ, ಯಾರನ್ನ ಸೋಲಿಸಿದಿ ಅಂತ ಅಪ್ಪ ಕೇಳ್ತಾನ. ಏನ್ ಹೇಳ್ಲಿ?"

ಕೊನೆಗೆ ನಾನೇ ಗ್ಲೌಸು ಹಾಕಿಕೊಂಡೆ. ಐವತ್ತೆಂಟು ವರ್ಷ ನನಗೆ. ಎರಡು ವರ್ಷ ದಿನಾ ಬೆಳಿಗ್ಗೆ ಅವನೆದುರು ನಿಂತೆ. ಅವನ ಹೊಡೆತ ಹಗುರಾಗಿ ಬೀಳುತ್ತಿತ್ತು. ಇನ್ನೂ ತಡೆಯಬಲ್ಲೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಈ ಆಗಸ್ಟಿನಲ್ಲಿ ಅವನ ಮೊದಲ ರಾಷ್ಟ್ರಮಟ್ಟದ ಪಂದ್ಯ. ಎದುರಿಗಿದ್ದವನು ಉತ್ತರ ಭಾರತದವನು. ಅವನ ಶಿಬಿರದಲ್ಲಿ ಅವನ ತೂಕದವರೇ ಐದು ಜನ. ಮೊದಲ ಸುತ್ತಿನಲ್ಲೇ ಅವನ ಗದ್ದ ಪೂರಾ ತೆರೆದು ಸಿಕ್ಕಿತು. ಮಾಳಿಂಗನ ಬಲಗೈ ಹೋಯಿತು, ಮುಟ್ಟುವ ಮುಂಚೆ ಸಡಿಲಾಯಿತು. ಆಮೇಲೆ ಮೂರು ಹೊಡೆತ ಬಿದ್ದವು. ಇವನು ಮಂಡಿಯೂರಿದ, ಪಂದ್ಯ ನಿಲ್ಲಿಸಿದರು.

"ಯಾಕಲೇ, ಯಾಕ ಹೊಡೀಲಿಲ್ಲ?" ಎಂದೆ.

"ಗೊತ್ತಾಗವಲ್ದರಿ ಸರ್ರ. ಕೈ ತಾನ ನಿಂತ್ಬಿಡ್ತು. ನಿಮಗ ಪೆಟ್ಟಾಗಬಾರ್ದಂತ ಎರಡು ವರ್ಷ ಹಂಗ ಕೈ ಹಿಡದು ಹೊಡೀತಿದ್ನಲ್ರಿ."

ನಾನೇ ಕಲಿಸಿದ್ದು ಅದು. ಈಗ ಅವನು ಗದಗಿನ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಯೂನಿಫಾರ್ಮು ಹಾಕಿ ನಿಲ್ಲುತ್ತಾನೆ. ಬಂದವರು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮತ್ತೆ ಶೆಡ್ಡಿಗೆ ಬಾ ಎಂದೆ. "ಬ್ಯಾಡ್ರಿ ಸರ್ರ, ಇಲ್ಲೇ ಚಲೋ ಐತಿ," ಎಂದ. ದೊಡ್ಡ ಮೈಯ ಹುಡುಗ ಯಾರಾದರೂ ಬಂದರೆ ಕಬಡ್ಡಿಗೆ ಹೋಗು ಎಂದು ಈಗ ನಾನೇ ಹೇಳಿ ಕಳಿಸುತ್ತೇನೆ.

ವೈನಿಗೆ ನಮಸ್ಕಾರ ತಿಳಿಸು. ಮೊಮ್ಮಗಳು ರೇಷ್ಮಾಳಿಗೆ ನನ್ನ ಆಶೀರ್ವಾದ. ನಿಮ್ಮೆಲ್ಲರ ಮೈ ಮನಸ್ಸು ಗಟ್ಟಿಯಾಗಿರಲಿ.

ನಿನ್ನ
ದೇವೇಂದ್ರಪ್ಪ

ತಾ.ಕ.: ಮೂರು ವರ್ಷದ ಹಿಂದೆ ನೀನು ಬರೆದಿದ್ದೆ: "ಮಾಳಿಂಗನ್ನ ಬೆಳಗಾವಿಗೆ ನನ್ನ ಕಡೆ ಕಳಸು. ಅವನ ತೂಕದವರು ಇಲ್ಲಿ ನಾಲ್ಕು ಮಂದಿ ಅದಾರ." ಅವನು ಊರು ಬಿಟ್ಟು ಬರಲು ಒಪ್ಪಲಿಲ್ಲ ಎಂದು ನಿನಗೆ ತಿಳಿಸಿದೆ. ಶೇಖ, ನಾನು ಅವನನ್ನು ಕೇಳಿಯೇ ಇರಲಿಲ್ಲ. ಗೆದ್ದರೆ ನನ್ನ ಹುಡುಗನಾಗಿಯೇ ಗೆಲ್ಲಲಿ ಎಂದುಕೊಂಡೆ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮೊನ್ನೆ ಅಂಗಡಿಯಿಂದ ಹೊರಟಾಗ, ಅಷ್ಟು ಜನರೆದುರು ಬಾಗಿ ನನ್ನ ಕಾಲು ಮುಟ್ಟಿದ.