ಹತ್ತು ಚಳಿಗಾಲದ ಕೆಮ್ಮು

ಚಾಂಗ್‌ವನ್
18 ಫೆಬ್ರವರಿ 2024, ಭಾನುವಾರ

ಮಗಳು ಬೊರಾಮ್‌ಗೆ,

ನಿನ್ನ ಅಮ್ಮ ಬೀದಿಯ ಕೊನೆಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿದ್ದಾಳೆ. ಭಾನುವಾರ ಒಂಬತ್ತಕ್ಕೆ ಹೋದರೆ ಹನ್ನೊಂದಕ್ಕೆ ಮೊದಲು ಅವಳು ಹಿಂತಿರುಗುವುದಿಲ್ಲ. ಈಗ ಒಂಬತ್ತು ಗಂಟೆ ಹತ್ತು ನಿಮಿಷ. ಅಷ್ಟರೊಳಗೆ ಈ ಪತ್ರ ಮುಗಿಯಬೇಕು. ಅವಳು ಬಂದ ಕೂಡಲೇ ಇದರಲ್ಲಿರುವುದನ್ನು ಅವಳಿಗೂ ಹೇಳಬೇಕು. ಮೊದಲು ಬರೆದಿಟ್ಟುಕೊಳ್ಳದಿದ್ದರೆ ನಾನು ಹೇಳುವುದಿಲ್ಲವೆಂದು ನನಗೆ ಗೊತ್ತು. ಹನ್ನೆರಡು ವರ್ಷಗಳಿಂದ ಹೇಳಿಲ್ಲ.

ಫೋನಿನಲ್ಲಿ ತಿಳಿಸಬಹುದಿತ್ತು. ಫೋನಿನಲ್ಲಿ ನೀನು ಕೆಮ್ಮುತ್ತೀಯ, ನಾನು "ಬಿಸಿನೀರು ಕುಡಿ" ಎನ್ನುತ್ತೇನೆ, ನೀನು "ಹೂಂ ಅಪ್ಪಾ" ಎನ್ನುತ್ತೀಯ. ನಮ್ಮ ಮಾತು ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ.

ಶುಕ್ರವಾರದೊಳಗೆ ಶಿಶುವಿಹಾರಕ್ಕೆ ರಾಜೀನಾಮೆ ಕೊಡುವುದಾಗಿ ಹೇಳಿದ್ದೀಯ. ಅದಕ್ಕೆ ಮೊದಲು ನಿನಗೆ ತಿಳಿದಿರಬೇಕಾದ ವಿಷಯವೊಂದಿದೆ. ಸುತ್ತಿಬಳಸದೆ ಬರೆಯುತ್ತೇನೆ. ನಿನ್ನ ಕೆಮ್ಮು ಹುಟ್ಟಿನಿಂದ ಬಂದದ್ದಲ್ಲ. ನಿನ್ನ ಅಮ್ಮನಿಂದ ಬಂದದ್ದೂ ಅಲ್ಲ. ನಾನು ಬಲ್ಲಮಟ್ಟಿಗೆ, ಅದು ನನ್ನ ಕೈಯಿಂದ ಬಂದದ್ದು.

ಕಳೆದ ವಾರ ಚಾಂದ್ರಮಾನ ಹೊಸವರ್ಷದ ಬೆಳಿಗ್ಗೆ ನಮಗೆ ನಮಸ್ಕರಿಸಲು ಬಾಗಿದವಳು ನೆಲಕ್ಕೆ ಹಣೆ ಹಚ್ಚುತ್ತಿದ್ದಂತೆಯೇ ಕೆಮ್ಮತೊಡಗಿದೆ. ಏಳಲು ಆಗಲಿಲ್ಲ. ನೆಗಡಿ ಬಂದು ಆಗಲೇ ಹದಿನಾರು ದಿನಗಳಾಗಿದ್ದವು. ಆಮೇಲೆ ಊಟದಲ್ಲಿ ನೀನೇ ನಗುತ್ತ ಹೇಳಿದೆ: "ನಂದು ಲೆಕ್ಕ ಪಕ್ಕಾ ಅಪ್ಪಾ. ಮೂರು ದಿನ ಮೂಗು, ಮೂರು ವಾರ ಎದೆ." ನಿನ್ನ ತರಗತಿಯ ಐದು ವರ್ಷದ ಪುಟ್ಟಿಯೊಬ್ಬಳು "ಟೀಚರ್, ನಿಮ್ಮ ಎದೆಯೊಳಗೆ ನಾಯಿ ಸಾಕಿದ್ದೀರಾ? ಅದಕ್ಕೆ ಊಟ ಹಾಕಿ, ಸುಮ್ಮನಾಗುತ್ತೆ" ಎಂದಳೆಂದೂ ಹೇಳಿದೆ. ನಾವೆಲ್ಲ ನಕ್ಕೆವು. ಅದರ ಬೆನ್ನಿಗೇ ಬಸ್ಸಿನಲ್ಲಿ ಜನ ನಿನ್ನ ಪಕ್ಕದ ಸೀಟಿನಿಂದ ಎದ್ದು ಹೋಗುವುದನ್ನು ಹೇಳಿದೆ. ತಾಯಂದಿರು ದೂರು ಕೊಟ್ಟದ್ದನ್ನು, ಮುಖ್ಯೋಪಾಧ್ಯಾಯಿನಿ ಕರೆದು ಮೃದುವಾಗಿಯೇ "ಮುಂದಿನ ವರ್ಷದ ಬಗ್ಗೆ ಯೋಚನೆ ಮಾಡಿ" ಎಂದದ್ದನ್ನು ಹೇಳಿದೆ.

ಆಗ ನಿನ್ನ ಅಮ್ಮ ಚಮಚ ಕೆಳಗಿಟ್ಟಳು. "ಎಲ್ಲಾ ನನ್ನಿಂದಲೇ ಕಣೇ. ಆ ಬಾಣಂತನದಲ್ಲಿ ನಾನು ಒಂಚೂರು ಬಾಯಿ ಕಟ್ಟಿದ್ದರೆ ನಿನಗೆ ಈ ಗತಿ ಬರ್ತಿರಲಿಲ್ಲ."

"ಬಿಡಮ್ಮಾ, ವರ್ಷಾ ವರ್ಷಾ ಇದೇ ಹಾಡು. ನಾನು ಹುಟ್ಟಿದ್ದೇ ಹೀಗೆ. ಮಕ್ಕಳ ನೆಗಡಿ ಇಲ್ಲದಿರೋ ಕಡೆ ಏನಾದರೂ ಕೆಲಸ ಹುಡುಕ್ಕೋತೀನಿ" ಎಂದೆ ನೀನು.

ನಾನು ಮೀನಿನ ಮುಳ್ಳು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

ಬಾಣಂತನದ ಕಥೆ ನಿನಗೆ ಗೊತ್ತು. ನೀನು ಹುಟ್ಟಿದ್ದು ಆಗಸ್ಟಿನ ಸೆಕೆಯಲ್ಲಿ. ಮೂರು ವಾರ ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು ಎಂಬ ಅಜ್ಜಿಯ ಕಟ್ಟಳೆಯನ್ನು ಹನ್ನೆರಡನೇ ದಿನ ನಿನ್ನ ಅಮ್ಮ ಮುರಿದಳು. ಫ್ಯಾನಿನ ಮುಂದೆ ಕುಳಿತು, ಐಸು ತೇಲುವ ಶಾವಿಗೆಯ ಬಟ್ಟಲೊಂದನ್ನು ಖಾಲಿ ಮಾಡಿದಳು. ನಿನಗೆ ಮೊದಲ ಸಲ ಕೆಮ್ಮು ಹಿಡಿದಾಗ ಅಜ್ಜಿ ಅದನ್ನು ನೆನಪಿಸಿಕೊಂಡರು. "ತಾಯಿ ತಣ್ಣಗಿರೋದು ತಿಂದರೆ ಹಾಲು ತಣ್ಣಗಾಗುತ್ತೆ, ಮಗುವಿನ ಎದೆ ಇನ್ನೇನಾಗುತ್ತೆ? ಶಾವಿಗೆ ಇವಳು ತಿಂದಳು, ಕೆಮ್ಮು ಮಗು ಕೆಮ್ತಿದೆ." ಅಜ್ಜಿ ಕೆಟ್ಟವರಾಗಿರಲಿಲ್ಲ. ನಿನಗೆ ಮರಸೇಬನ್ನು ಕೊರೆದು ಜೇನು ತುಂಬಿ ಬೇಯಿಸಿ ಕೊಡುತ್ತಿದ್ದವರೂ ಅವರೇ. ಆದರೆ ಪ್ರತಿ ನೆಗಡಿಗೂ ಆ ಮಾತು ಹೊರಬರುತ್ತಿತ್ತು. ನಿನ್ನ ಅಮ್ಮ ಮೊದಮೊದಲು ಎದುರು ಮಾತಾಡಿದಳು, ಆಮೇಲೆ ಸುಮ್ಮನಾದಳು, ಕೊನೆಗೆ ನಂಬಿದಳು.

ಈಗ ನನ್ನ ಭಾಗ.

ನಿನ್ನ ನಾಲ್ಕನೇ ವರ್ಷದ ಚಳಿಗಾಲದಲ್ಲಿ ನೆಗಡಿಯೊಂದು ಎದೆಗಿಳಿದಾಗ ಮಕ್ಕಳ ವೈದ್ಯರು ಕೋಣೆಯ ಗಾಳಿ ಒಣಗಬಾರದೆಂದರು. ನೆಲ ಬಿಸಿ ಮಾಡುವ ನಮ್ಮ ಮನೆಗಳಲ್ಲಿ ಚಳಿಗಾಲದ ಗಾಳಿ ಗಂಟಲನ್ನು ಸುಲಿಯುತ್ತದೆ. ನಾನು ಅದೇ ಸಂಜೆ ಗಾಳಿಗೆ ತೇವ ತುಂಬುವ ಯಂತ್ರವೊಂದನ್ನು ತಂದೆ. ಯಂತ್ರದೊಳಗೆ ಪಾಚಿ ಕಟ್ಟದಿರಲೆಂದು ನೀರಿಗೆ ಬೆರೆಸುವ ಸೋಂಕುನಿವಾರಕ ದ್ರವದ ಬಾಟಲಿಯನ್ನೂ ತಂದೆ. ಆಗ ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು. ಮಕ್ಕಳಿರುವ ಮನೆಯವರೇ ಹೆಚ್ಚು ಕೊಳ್ಳುತ್ತಿದ್ದರು, ಏಕೆಂದರೆ ಮಕ್ಕಳಿರುವ ಮನೆಯವರೇ ಹೆಚ್ಚು ಎಚ್ಚರದಿಂದಿರುತ್ತಿದ್ದರು.

ಅಜ್ಜಿಗೆ ಅದನ್ನು ಕಂಡರೆ ನಗು. "ಒದ್ದೆ ಟವೆಲ್ ನೇತುಹಾಕಿದರೆ ಸಾಲದೇನೋ? ಮಗುವಿಗೆ ಔಷಧಿ ಕುಡಿಸು ಅಂದರೆ ಇವನು ನೀರಿಗೆ ಕುಡಿಸ್ತಾನೆ!" ಅವರು ತಮ್ಮ ಕೋಣೆಗೆ ಅದನ್ನು ಬಿಟ್ಟುಕೊಳ್ಳಲಿಲ್ಲ.

ನನ್ನ ವೃತ್ತಿ ನಿನಗೆ ಗೊತ್ತಿದೆ. ಕಾರ್ಖಾನೆಗಳ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸುವವನು ನಾನು. ಬಾಟಲಿಯ ಮುಚ್ಚಳದಲ್ಲಿ ಅಳೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಪ್ರಯೋಗಾಲಯದಿಂದ ಗಾಜಿನ ಅಳತೆಪಾತ್ರೆಯೊಂದನ್ನು ತಂದು, ರಾತ್ರಿಯೂಟಕ್ಕೆ ಮೊದಲು, ಯಂತ್ರದ ನೀರಿನ ತೊಟ್ಟಿಗೆ ಸರಿಯಾಗಿ ಹತ್ತು ಮಿಲಿಲೀಟರ್ ಹಾಕುತ್ತಿದ್ದೆ. ನಿನಗೆ ಕೆಮ್ಮು ಹೆಚ್ಚಿದ್ದ ದಿನಗಳಲ್ಲಿ ಯಂತ್ರವನ್ನು ಇನ್ನೂ ಹೆಚ್ಚು ಹೊತ್ತು ಓಡಿಸುತ್ತಿದ್ದೆ. ಬೆಳಿಗ್ಗೆ ನಿನ್ನ ಅಮ್ಮ ಕಿಟಕಿ ತೆರೆದರೆ ತೇವಾಂಶ ಇಳಿಯುತ್ತದೆಂದು ಎದ್ದು ಹೋಗಿ ಮುಚ್ಚುತ್ತಿದ್ದೆ. ಹೀಗೆ ಹತ್ತು ಚಳಿಗಾಲ.

ಲೆಕ್ಕವನ್ನೂ ಇಟ್ಟೆ. ನೀಲಿ ರಟ್ಟಿನ ಪುಸ್ತಕವೊಂದಿದೆ. ದಿನಾಂಕ, ರಾತ್ರಿ ಎಂಟರಿಂದ ಎಂಟೂವರೆಯವರೆಗೆ ನೀನು ಕೆಮ್ಮಿದ ಸಲಗಳು, ಕೋಣೆಯ ತೇವಾಂಶ, ಯಂತ್ರ ಓಡಿದ ತಾಸುಗಳು. ತಾಸು ಏರಿದಾಗ ಕೆಮ್ಮೂ ಏರಿದೆ. ಕೆಮ್ಮು ಹೆಚ್ಚಿದ್ದರಿಂದ ತಾಸು ಹೆಚ್ಚಿಸಿದೆನೆಂದು ನಾನು ಓದಿಕೊಂಡೆ. ಅದೇ ಅಂಕಣಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದೆಂದು ಹತ್ತು ವರ್ಷ ನನಗೆ ತೋಚಲಿಲ್ಲ.

ನಿನಗೆ ಒಂಬತ್ತಾಗಿದ್ದಾಗ ಹೊಸವರ್ಷಕ್ಕೆ ಟೊಂಗ್ಯೊಂಗ್‌ನಲ್ಲಿರುವ ನಿನ್ನ ಸೋದರತ್ತೆಯ ಮನೆಗೆ ಹೋಗಿದ್ದೆವು. ತೊಟ್ಟಿ ಬಿರುಕು ಬಿಟ್ಟಿದ್ದರಿಂದ ಯಂತ್ರವನ್ನು ಒಯ್ಯಲಿಲ್ಲ. ಹೊರಟ ದಿನ ಮೂವತ್ತೊಂದು ಸಲ ಕೆಮ್ಮಿದ್ದವಳು ಐದನೆಯ ದಿನ ಒಂಬತ್ತು ಸಲ ಕೆಮ್ಮಿದೆ. ಪಕ್ಕದಲ್ಲಿ ನಾನು ಬರೆದಿದ್ದೇನೆ: "ಸಮುದ್ರದ ಗಾಳಿ." ಮನೆಗೆ ಬಂದು ಹೊಸ ತೊಟ್ಟಿ ಹಾಕಿದೆ, ದ್ರವ ಹಾಕಿದೆ. ವಾರದೊಳಗೆ ಇಪ್ಪತ್ತೆಂಟು. ಪಕ್ಕದಲ್ಲಿ: "ಕಾರ್ಖಾನೆ ಊರಿನ ಗಾಳಿ."

ಇದಕ್ಕಿಂತ ದೊಡ್ಡ ತಪ್ಪೊಂದಿದೆ, ಅದು ನನ್ನಂಥವನು ಮಾಡಬಾರದ ತಪ್ಪು. ಆ ಯಂತ್ರ ನೀರನ್ನು ಕಾಯಿಸುವುದಿಲ್ಲ. ಕಂಪನದಿಂದ ಒಡೆದು ಮಂಜಿನಂತೆ ಎಸೆಯುತ್ತದೆ. ಕಾಯಿಸಿದರೆ ನೀರಿನಲ್ಲಿ ಕರಗಿದ್ದು ಪಾತ್ರೆಯಲ್ಲೇ ಉಳಿಯುತ್ತದೆ, ಒಡೆದರೆ ನೀರಿನೊಂದಿಗೆ ಅದೂ ಗಾಳಿಗೆ ಬರುತ್ತದೆ. ನಿನ್ನ ಮೇಜಿನ ಮೇಲೆ ಕೂರುತ್ತಿದ್ದ ಬಿಳಿಯ ಪುಡಿ ನೀರಿನೊಳಗಿನ ಸುಣ್ಣವೆಂದು ನಿನ್ನ ಅಮ್ಮನಿಗೆ ವಿವರಿಸಿದವನು ನಾನೇ. ಸುಣ್ಣ ಗಾಳಿಗೆ ಬರುವುದಾದರೆ ಆ ದ್ರವ ಎಲ್ಲಿಗೆ ಹೋಗುತ್ತದೆ? ನಾನು ಆ ಪುಡಿಯನ್ನು ಒದ್ದೆಬಟ್ಟೆಯಿಂದ ಒರೆಸಿದೆ. ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.

2011ರ ಬೇಸಿಗೆಯ ಕೊನೆಯಲ್ಲಿ ಸುದ್ದಿ ಬಂತು. ಗರ್ಭಿಣಿಯರು, ಎಳೆಯ ಮಕ್ಕಳು, ಶ್ವಾಸಕೋಶ ಗಟ್ಟಿಯಾಗಿ ಸತ್ತವರು. ಕಾರ್ಖಾನೆಯ ಊಟದ ಕೋಣೆಯ ಟಿವಿಯಲ್ಲಿ ಆ ಬಾಟಲಿಗಳನ್ನು ತೋರಿಸಿದರು. ಎದುರು ಕುಳಿತಿದ್ದ ಸಹೋದ್ಯೋಗಿ ಪ್ಯೊ ತಟ್ಟೆಯಿಂದ ತಲೆಯೆತ್ತಿ ಕೇಳಿದ: "ಏನಯ್ಯಾ ತಾಕ್, ನಿಮ್ಮನೇಲೂ ಇದನ್ನೇ ಅಲ್ವೇನಯ್ಯಾ ಹಾಕ್ತಿದ್ದುದು? ಅಳತೆಪಾತ್ರೇಲಿ ಅಳೀತೀನಿ ಅಂತ ಜಂಬ ಕೊಚ್ತಿದ್ದೆ!"

"ಇಲ್ಲಪ್ಪ. ಅದು ಬೇರೆ" ಎಂದೆ.

ಮನೆಗೆ ಬಂದು ಉಳಿದಿದ್ದ ಎರಡು ಬಾಟಲಿಗಳನ್ನು ಮೋರಿಗೆ ಸುರಿದೆ. ತೊಳೆದು, ಮೇಲಂಟಿಸಿದ್ದ ಚೀಟಿ ಸುಲಿದು, ಪ್ಲಾಸ್ಟಿಕ್ ಕಸದ ಡಬ್ಬಕ್ಕೆ ಹಾಕಿದೆ. ಯಂತ್ರವನ್ನೂ ಎಸೆದೆ. ಯಂತ್ರವೆಲ್ಲಿ ಎಂದು ಅಮ್ಮ ಕೇಳಿದಳು. ಕೆಟ್ಟುಹೋಯಿತು ಎಂದೆ. ನೀನಾಗ ಹದಿನಾಲ್ಕರವಳು.

ಆ ಚಳಿಗಾಲದಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತು, ನಿಲ್ಲಲಿಲ್ಲ. ಪ್ರತಿ ನೆಗಡಿಯೂ ಎದೆಗಿಳಿಯುವುದು ಮುಂದುವರಿಯಿತು. ನಿಲ್ಲದೆ ಇದ್ದದ್ದನ್ನೇ ನಾನು ಹಿಡಿದುಕೊಂಡೆ. ಕಾರಣ ಹೋದ ಮೇಲೂ ಕೆಮ್ಮು ಉಳಿದಿದೆಯೆಂದರೆ ಕಾರಣ ಅದಲ್ಲವೇನೋ ಎಂದುಕೊಂಡೆ. ಸುಟ್ಟ ಚರ್ಮ ಬೆಂಕಿ ಆರಿದ ಮೇಲೂ ಸುಟ್ಟದ್ದಾಗಿಯೇ ಇರುತ್ತದೆಂದು ತಿಳಿಯದವನಲ್ಲ ನಾನು. ಆದರೂ ಹಾಗೆ ಅಂದುಕೊಂಡೆ, ಅದು ಅನುಕೂಲವಾಗಿತ್ತು. ಶಾವಿಗೆಯ ಕಥೆ ಮನೆಯಲ್ಲಿ ಆಗಲೇ ಬೇರೂರಿತ್ತು. ನಾನು ಹೊಸ ಸುಳ್ಳೊಂದನ್ನು ಹೇಳಬೇಕಾಗಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು.

ನಿಖರವಾಗಿ ಹೇಳಬೇಕಾದದ್ದು ಇಷ್ಟು: ನಿನ್ನ ಕೆಮ್ಮಿಗೆ ಆ ದ್ರವವೇ ಕಾರಣವೆಂದು ನಾನು ಸಾಧಿಸಿ ತೋರಿಸಲಾರೆ. ಅದನ್ನು ಎದೆಯ ವೈದ್ಯರು ನೋಡಬೇಕು. ಆದರೆ ಈವರೆಗೆ ಯಾವ ವೈದ್ಯರೂ ಹಾಗೆ ನೋಡಲಿಲ್ಲ, ಏಕೆಂದರೆ ಪ್ರತಿಯೊಬ್ಬರಿಗೂ ನೀನು "ಚಿಕ್ಕಂದಿನಿಂದ ಹೀಗೇ" ಎಂದೆ, ಅವರು ನೆಗಡಿಯ ಔಷಧಿ ಬರೆದರು. ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನೀನಿರುವ ದೇಜಾನ್‌ನ ದೊಡ್ಡ ಆಸ್ಪತ್ರೆಯಲ್ಲಿ ನಿನ್ನ ಹೆಸರಿಗೆ ಸಮಯ ಗೊತ್ತು ಮಾಡಿದ್ದೇನೆ. ಉಸಿರಾಟದ ಪರೀಕ್ಷೆ ಮಾಡುತ್ತಾರೆ. ಹತ್ತು ಚಳಿಗಾಲ, ದಿನಕ್ಕೆ ಸರಾಸರಿ ಒಂಬತ್ತು ತಾಸು ಎಂದು ಹೇಳು. ಇದಕ್ಕೆ ಸರಿಯಾದ ಹೆಸರು ಸಿಕ್ಕರೆ ಸರಿಯಾದ ಔಷಧಿಯೂ ಇರಬಹುದು. ಮಕ್ಕಳ ನಡುವೆಯೇ ನೀನು ಉಳಿಯಲೂ ಆಗಬಹುದು. ಆ ಫಲಿತಾಂಶ ಬರುವವರೆಗೆ ರಾಜೀನಾಮೆಗೆ ಸಹಿ ಹಾಕಬೇಡ. ನನ್ನ ಮೇಲಿನ ಸಿಟ್ಟಿನಲ್ಲೂ ಹಾಕಬೇಡ.

ಬಾಧಿತರೆಂದು ಗುರುತಿಸಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಬಹುದು. ಸಾಕ್ಷಿಯಾಗಬೇಕಿದ್ದ ಬಾಟಲಿಗಳನ್ನು ನಾನು ಎಸೆದಿದ್ದೇನೆ. ನೀಲಿ ಪುಸ್ತಕ ಉಳಿದಿದೆ. ಬೆರೆಸಿದವನು ನಾನೆಂದು ಬರೆದು ಸಹಿ ಮಾಡಿದ ಹಾಳೆಯನ್ನು ಅದರೊಳಗಿಟ್ಟಿದ್ದೇನೆ.

ಬಾಗಿಲ ಬೀಗದ ಅಂಕಿಯ ಗುಂಡಿಗಳನ್ನು ಒತ್ತುವ ಸದ್ದಾಗುತ್ತಿದೆ. ಹತ್ತು ಐವತ್ತೆರಡು. ಇವತ್ತು ಬೇಗ ಬಂದಿದ್ದಾಳೆ.

ಈಗ ಮಧ್ಯಾಹ್ನ ಮೂರು ಗಂಟೆ.

ಹೇಳಿದೆ. ಬರೆದದ್ದನ್ನು ಓದಲಿಲ್ಲ, ಬಾಯಲ್ಲಿಯೇ ಹೇಳಿದೆ. ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ತಂದಿದ್ದ ಕಿತ್ತಳೆಗಳನ್ನು ಬುಟ್ಟಿಗೆ ಹಾಕುತ್ತಿದ್ದವಳು ನಡುವೆ ನಿಲ್ಲಿಸಲಿಲ್ಲ. ಎಲ್ಲವನ್ನೂ ಹಾಕಿ ಮುಗಿಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಅತ್ತೆಗೆ ಗೊತ್ತಿತ್ತಾ?"

"ಇಲ್ಲ. ಹೇಳಲಿಲ್ಲ."

"ಅಂದರೆ ಸಾಯೋವರೆಗೂ ನಾನೇ ಅಂದ್ಕೊಂಡಿದ್ರು." ಅಜ್ಜಿ ಹೋದದ್ದು ಸುದ್ದಿ ಬಂದ ಮೂರನೆಯ ವರ್ಷದಲ್ಲಿ. "ಕೊನೇ ತಿಂಗಳು ಆಸ್ಪತ್ರೇಲಿ ಅವರಿಗೆ ಗಂಜಿ ತಿನ್ನಿಸ್ತಿದ್ದೆನಲ್ಲ, ಆಗಲೂ ಅಂದರು ರೀ. 'ಮೊಮ್ಮಗಳ ಎದೆ ನೋಡಿಕೋ, ನೀನು ಮಾಡಿದ್ದನ್ನ ನೀನೇ ಸರಿ ಮಾಡು' ಅಂತ. ನೀವು ಅಲ್ಲೇ ಕುರ್ಚಿ ಮೇಲೆ ಕೂತಿದ್ದಿರಿ."

ಹೌದು, ಕುಳಿತಿದ್ದೆ.

ಅವಳು ಫೋನ್ ಎತ್ತಿಕೊಂಡಳು. ಪತ್ರ ನಿನ್ನ ಕೈಸೇರುವವರೆಗೆ ತಡೆಯಲು ಕೇಳಿಕೊಂಡೆ. "ಹನ್ನೆರಡು ವರ್ಷ ಸಾಲಲಿಲ್ವಾ? ಅಂಚೆಯವನಿಗೂ ಕಾಯಬೇಕಾ?" ಎಂದಳು. ಆದರೆ ಫೋನ್ ಮಾಡಲಿಲ್ಲ. ನೀಲಿ ಪುಸ್ತಕ ಎಲ್ಲಿದೆಯೆಂದು ಕೇಳಿದಳು. ಕೊಟ್ಟೆ. ಎರಡು ಪುಟ ತಿರುಗಿಸಿ, ಮುಚ್ಚಿ, ಕೈಚೀಲಕ್ಕೆ ಹಾಕಿಕೊಂಡಳು. ಎರಡು ಜೊತೆ ಬಟ್ಟೆ ತುಂಬಿಕೊಂಡಳು. ಕೂದಲು ಪೂರ್ತಿ ಒಣಗಿರಲಿಲ್ಲ. ನಾನು ಕೋಟು ಹಾಕಿಕೊಳ್ಳಹೋದಾಗ ಬಾಗಿಲಲ್ಲಿ ಬೂಟು ಮೆಟ್ಟುತ್ತ, ನನ್ನತ್ತ ನೋಡದೆ ಹೇಳಿದಳು: "ನೀವು ಬೇಡ. ಈ ವಿಷಯ ಅವಳು ನನ್ನ ಬಾಯಲ್ಲಿ ಕೇಳಲಿ. ಇಷ್ಟು ದಿನ ಅವಳ ಹತ್ತಿರ ತಪ್ಪಾಯ್ತು ತಪ್ಪಾಯ್ತು ಅಂದಿದ್ದು ನಾನು. ಅದನ್ನ ವಾಪಸ್ ತಗೊಳ್ಳೋದೂ ನಾನೇ."

ಎರಡು ನಲವತ್ತರ ರೈಲಿಗೆ ಹೋದಳು. ಸಂಜೆಯ ಹೊತ್ತಿಗೆ ನಿನ್ನ ಬಾಗಿಲಲ್ಲಿರುತ್ತಾಳೆ. ಈ ಪತ್ರ ನಾಳೆ ಅಂಚೆಗೆ ಬಿದ್ದು ಬುಧವಾರ ನಿನ್ನನ್ನು ಮುಟ್ಟುವಾಗ ಇದರಲ್ಲಿರುವ ಯಾವುದೂ ನಿನಗೆ ಹೊಸದಾಗಿರುವುದಿಲ್ಲ. ಆದರೂ ಕಳಿಸುತ್ತೇನೆ. ಅವಳು ಎಷ್ಟೇ ಸಿಟ್ಟಿನಲ್ಲಿದ್ದರೂ ನಿನಗೆ ಹೇಳುವಾಗ ನನ್ನ ತಪ್ಪನ್ನು ಎಲ್ಲೋ ಒಂದು ಕಡೆ ಸ್ವಲ್ಪ ಕಡಿಮೆ ಮಾಡಿ ಹೇಳುತ್ತಾಳೆ. ಅವಳ ಸ್ವಭಾವ ಅದು. ಆಗ ಇಲ್ಲಿ ಬರೆದದ್ದನ್ನು ನಂಬು.

ಗುರುವಾರ ಆಸ್ಪತ್ರೆಗೆ ಅವಳನ್ನೇ ಜೊತೆಗೆ ಕರೆದುಕೊಂಡು ಹೋಗು. ಕ್ಷಮಿಸೆಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಹೊರೆ ನಿನ್ನ ಮೇಲೆ ಬೀಳುತ್ತದೆ. ನೀನು ಕರೆದ ದಿನ ಬರುತ್ತೇನೆ. ಕರೆಯದಿದ್ದರೆ ಅದೂ ಸರಿಯಾದ ಉತ್ತರವೇ ಎಂದು ತಿಳಿಯುತ್ತೇನೆ.

ನಿನ್ನ ಎದೆ ಹಗುರಾಗಲಿ, ಮಗಳೇ. ಮುಂದಿನ ನೆಗಡಿ ನಿನ್ನ ಮೂಗಿನಲ್ಲೇ ಮುಗಿದುಹೋಗಲಿ.

ನಿನ್ನ ಅಪ್ಪ,
ತಾಕ್ ಇನ್‌ಗ್ಯು